ಜೈವಿಕ ಮಾದರಿ ಭಂಡಾರ: ಗುಣಮಟ್ಟ ಮತ್ತು ಮಾನ್ಯತೆ



ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಿಗೆ ಬೆಳಿಗ್ಗೆ ಹೋದರೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಸಾಲು ಕಾಣುತ್ತದೆ. ಅಲ್ಲಿ ಪ್ರತಿಯೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಪರೀಕ್ಷೆಗೆ ಇಡುತ್ತಾರೆ. ಆ ಸ್ವಲ್ಪದ ಮೇಲೆಯೇ ಉಳಿದ ಹಾಲಿನ ಬೆಲೆ ನಿಂತಿರುತ್ತದೆ. ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕದಿದ್ದರೆ ಕೊಬ್ಬಿನ ಅಂಶ ತಪ್ಪಾಗಿ ಬರುತ್ತದೆ. ಸಂಖ್ಯೆ ಅದಲುಬದಲಾದರೆ ಒಬ್ಬರ ಹಾಲಿನ ದರ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಲಕದೆ ತೆಗೆದರೆ ಅಲ್ಲಿಯೇ ಕೇಳುತ್ತಾರೆ.

ಈ ದಿನ ನಾನು ಹೇಳಲಿರುವುದೂ ಮಾದರಿಯ ವಿಷಯವೇ. ಆದರೆ ಇದು ಹಾಲಿನದಲ್ಲ, ಮನುಷ್ಯನ ರಕ್ತದ, ಅಂಗಾಂಶದ ಮಾದರಿ. ಆರೋಗ್ಯ ಸಂಶೋಧನೆಗಾಗಿ ರಕ್ತ, ಮೂತ್ರ, ಕಫ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕು ಮುಂತಾದವುಗಳನ್ನು ಕೊಟ್ಟವರ ಒಪ್ಪಿಗೆಯಿಂದ ಪಡೆದು, ಅವರ ಆರೋಗ್ಯದ ವಿವರಗಳ ಸಮೇತ ಬಹುಕಾಲ ಕಾಪಾಡುವ ಸಂಸ್ಥೆಗೆ ಬಯೋಬ್ಯಾಂಕ್ ಎನ್ನುತ್ತಾರೆ. ಜೈವಿಕ ಮಾದರಿ ಭಂಡಾರವೆಂದು ನಾವು ಕರೆಯಬಹುದು. ರಕ್ತನಿಧಿಗೂ ಇದಕ್ಕೂ ವ್ಯತ್ಯಾಸವುಂಟು. ರಕ್ತನಿಧಿಯ ರಕ್ತ ಕೆಲವೇ ವಾರಗಳಲ್ಲಿ ಒಬ್ಬ ರೋಗಿಯ ಮೈ ಸೇರಬೇಕು. ಭಂಡಾರದ ರಕ್ತ ಯಾರ ಮೈಯನ್ನೂ ಸೇರುವುದಿಲ್ಲ. ಅದು ಹತ್ತು ವರ್ಷವೋ ಇಪ್ಪತ್ತು ವರ್ಷವೋ ಕಾದಿದ್ದು, ಇಂದು ಯಾರೂ ಕೇಳದಿರುವ ಪ್ರಶ್ನೆಗೆ ಮುಂದೆಂದೋ ಉತ್ತರ ಕೊಡಬೇಕು.

ಸಂಶೋಧನೆಗಾಗಿ ಹಳ್ಳಿಯವರಿಂದ ಮಾದರಿ ಪಡೆಯುವುದು ಈ ಪ್ರದೇಶಕ್ಕೆ ಹೊಸದಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಉದ್ಘಾಟಿಸಿದರು. ಮರುವರ್ಷವೇ, ಅಂದರೆ 1961ರಲ್ಲಿ, ಆ ಸಂಸ್ಥೆಯ ತಂಡಗಳು ಆಗಿನ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಿಗೆ ಇಳಿದವು. 1968ರವರೆಗೆ ಅದೇ ಹಳ್ಳಿಗಳಿಗೆ ನಾಲ್ಕು ಬಾರಿ ಹೋಗಿ, ಚರ್ಮದ ಪರೀಕ್ಷೆ ಮಾಡಿ, ಎದೆಯ ಎಕ್ಸ್‌ರೇ ತೆಗೆದು, ಸಂದೇಹವಿದ್ದವರ ಕಫವನ್ನು ಪರೀಕ್ಷಿಸಿದವು. ಕಫದಲ್ಲಿ ರೋಗಾಣು ಕಂಡುಬಂದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಂಡಿದ್ದರು. ಈ ಅಧ್ಯಯನದ ವರದಿ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯದ ಸಹಜ ಗತಿಯನ್ನು ಕುರಿತು ಬರೆಯುವವರು ಇಂದಿಗೂ ನಮ್ಮ ಈ ಹಳ್ಳಿಗಳ ಅಂಕಿಗಳ ಕಡೆಗೆ ತಿರುಗಬೇಕಾಗುತ್ತದೆ.

ಆ ಅಧ್ಯಯನದ ಒಂದು ಕ್ರಮ ನನಗೆ ಬಹಳ ಹಿಡಿಸಿದೆ. ಪ್ರತಿ ಎಕ್ಸ್‌ರೇಯನ್ನೂ ಇಬ್ಬರು ಪ್ರತ್ಯೇಕವಾಗಿ ಓದುತ್ತಿದ್ದರು. ಒಬ್ಬರು ಏನು ಬರೆದರೆಂಬುದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಗುಣಮಟ್ಟದ ಭರವಸೆ ಎಂಬ ಮಾತು ಆಗ ಇಷ್ಟು ಬಳಕೆಯಲ್ಲಿರಲಿಲ್ಲ, ಕೆಲಸ ಮಾತ್ರ ಇತ್ತು. ಆದರೆ ಆ ಕಾಲದಲ್ಲಿ ಪರೀಕ್ಷೆ ಮುಗಿದರೆ ಮಾದರಿಯ ಉಪಯೋಗವೂ ಮುಗಿಯುತ್ತಿತ್ತು. ಉಳಿಯುತ್ತಿದ್ದುದು ಕಾಗದದ ಮೇಲಿನ ಅಂಕಿ. ಇಂದು ರೋಗಾಣುವಿನ ಇಡೀ ವಂಶವಾಹಿಯನ್ನು ಓದಬಲ್ಲ ಯಂತ್ರಗಳಿವೆ. 1961ರ ನೆಲಮಂಗಲದ ಕಫದ ತುಣುಕೊಂದು ಸರಿಯಾಗಿ ಉಳಿದಿದ್ದರೆ ಅದರಿಂದ ಎಷ್ಟನ್ನು ತಿಳಿಯಬಹುದಾಗಿತ್ತು ಎಂದು ಯೋಚಿಸಿದಾಗ ಭಂಡಾರದ ಅಗತ್ಯ ಮನಸ್ಸಿಗೆ ಬರುತ್ತದೆ. ಸರಿಯಾಗಿ ಉಳಿದಿದ್ದರೆ ಎಂದೆ. ಇಂದಿನ ಮಾತೆಲ್ಲ ಆ "ಸರಿಯಾಗಿ" ಎಂಬುದರ ಮೇಲೆಯೇ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡಬಳ್ಳಾಪುರದ ಆಚೆಯ ಒಂದು ಹಳ್ಳಿಯಲ್ಲಿ ನಾವು ಶಿಬಿರ ನಡೆಸಿದೆವು. ಬೇಸಿಗೆಯ ದಿನ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಜಗಲಿಯಲ್ಲಿ ಕುಳಿತು ಅರುವತ್ತು ಜನರ ರಕ್ತ ತೆಗೆದೆವು. ಥರ್ಮೋಕೋಲ್ ಪೆಟ್ಟಿಗೆಯ ಮಂಜುಗಡ್ಡೆ ಹತ್ತು ಗಂಟೆಗೇ ನೀರಾಗಿತ್ತು. ಊರವರು ಪ್ರೀತಿಯಿಂದ ಊಟಕ್ಕೆ ಎಬ್ಬಿಸಿದರು, ಬೇಡವೆನ್ನಲಾಗಲಿಲ್ಲ. ಕಲ್ಲು ರಸ್ತೆಯಲ್ಲಿ ಕುಲುಕಾಡಿಕೊಂಡು ಪ್ರಯೋಗಾಲಯ ಸೇರಿದಾಗ ಎರಡೂವರೆ. ಫಲಿತಾಂಶ ನೋಡಿ ನಮಗೆ ಸಂತೋಷವೋ ಸಂತೋಷ. ಆ ಊರಿನಲ್ಲಿ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಇಲ್ಲವೇ ಇಲ್ಲ! ರಾಗಿಮುದ್ದೆಯ ಮಹಿಮೆ ಎಂದು ನಮ್ಮಲ್ಲೊಬ್ಬರು ಟಿಪ್ಪಣಿಯನ್ನೂ ಬರೆದಿಟ್ಟರು.

ಆ ಟಿಪ್ಪಣಿ ಅಚ್ಚಾಗದಂತೆ ತಡೆದವರು ಹಿರಿಯ ತಂತ್ರಜ್ಞರೊಬ್ಬರು. ಪಟ್ಟಿಯಲ್ಲಿ ಆರು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದ ಅಜ್ಜನೊಬ್ಬರ ಹೆಸರಿತ್ತು. ನಮ್ಮ ಲೆಕ್ಕದಲ್ಲಿ ಅವರೂ ಪೂರ್ಣ ಆರೋಗ್ಯವಂತರು. ಅವರ ಬೆರಳು ಅಲ್ಲಿಂದ ಪೊಟ್ಯಾಸಿಯಂ ಕಾಲಮ್ಮಿಗೆ ಹೋಯಿತು. "ಇಷ್ಟು ಪೊಟ್ಯಾಸಿಯಂ ಇದ್ದವರು ಊಟಕ್ಕೆ ಬಡಿಸುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಮಲಗಿರುತ್ತಿದ್ದರು" ಎಂದರು. ಸೀರಂ ತಿಳಿಹಳದಿಯಾಗಿರುವ ಬದಲು ನಸುಗೆಂಪಾಗಿತ್ತು. ತಪ್ಪು ಊರಿನದಲ್ಲ, ನಮ್ಮದು.

ಆದದ್ದು ಇಷ್ಟೇ. ರಕ್ತ ಮೈಯಿಂದ ಹೊರಬಂದ ಮೇಲೂ ಅದರಲ್ಲಿರುವ ಕಣಗಳು ಬದುಕಿರುತ್ತವೆ. ನಳಿಕೆಯೊಳಗಿನ ಸಕ್ಕರೆಯನ್ನೇ ತಿನ್ನುತ್ತಿರುತ್ತವೆ. ಬೇರ್ಪಡಿಸದೆ ಕೋಣೆಯ ಬಿಸಿಯಲ್ಲಿ ಇಟ್ಟ ರಕ್ತದಲ್ಲಿ ಸಕ್ಕರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಇಳಿಯುತ್ತದೆ. ಆರು ಗಂಟೆ ಕಳೆದರೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ. ಇದನ್ನು ತಡೆಯಲೆಂದೇ ಫ್ಲೋರೈಡ್ ಲವಣವಿರುವ, ಬೂದು ಬಣ್ಣದ ಮುಚ್ಚಳದ ನಳಿಕೆಗಳಿವೆ. ಅವು ನಮ್ಮ ಪೆಟ್ಟಿಗೆಯಲ್ಲಿರಲಿಲ್ಲ. ಇನ್ನು ಕುಲುಕಾಟಕ್ಕೆ ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ಕೆಂಪು ಬಣ್ಣವೂ ಅಲ್ಲಿಂದಲೇ ಬಂದದ್ದು.

ಆ ದಿನದ ಮಾದರಿಗಳನ್ನು ನಾವು ಒಂದು ಭಂಡಾರದಲ್ಲಿ ಇಟ್ಟುಬಿಟ್ಟಿದ್ದೆವು ಎಂದಿಟ್ಟುಕೊಳ್ಳಿ. ಹದಿನೈದು ವರ್ಷದ ಬಳಿಕ ಯಾರೋ ತರುಣ ಸಂಶೋಧಕಿ ಅದನ್ನು ತೆಗೆದು ನೋಡುತ್ತಾಳೆ. ಆಕೆಗೆ ಮಂಜುಗಡ್ಡೆ ಕರಗಿದ್ದು, ಊಟಕ್ಕೆ ಕುಳಿತಿದ್ದು ಯಾವುದೂ ಗೊತ್ತಿಲ್ಲ. ಅಂದಿನ ಹಿರಿಯ ತಂತ್ರಜ್ಞರು ನಿವೃತ್ತರಾಗಿದ್ದಾರೆ. ನಳಿಕೆಯನ್ನು ನೋಡಿ ತಿಳಿಯುವಂತಿಲ್ಲ, ಹೆಪ್ಪುಗಟ್ಟಿದ ಮೇಲೆ ಒಳ್ಳೆಯದೂ ಕೆಟ್ಟದ್ದೂ ಒಂದೇ ರೀತಿ ಕಾಣುತ್ತದೆ. ಆಕೆ ಪ್ರಾಮಾಣಿಕವಾಗಿಯೇ ಅಳೆದು, ಪ್ರಾಮಾಣಿಕವಾಗಿಯೇ ಸುಳ್ಳನ್ನು ಬರೆಯುತ್ತಾಳೆ.

ಇದಕ್ಕೆ ಪರಿಹಾರ ತಡವಾದ ಮಾದರಿಯನ್ನೆಲ್ಲ ಬಿಸಾಡುವುದೇ? ಅಲ್ಲ. ವಂಶವಾಹಿಯ ಡಿ.ಎನ್.ಎ. ಬಹಳ ಗಟ್ಟಿ ಪದಾರ್ಥ. ಕೆಲವು ಗಂಟೆ ತಡವಾದರೆ ಅದಕ್ಕೆ ಹೆಚ್ಚಿನ ಬಾಧೆಯಿಲ್ಲ. ಅದೇ ರಕ್ತದ ಆರ್.ಎನ್.ಎ. ಮಾತ್ರ ಬೇಗ ಕೆಡುತ್ತದೆ. ಆದ್ದರಿಂದ ನಮ್ಮ ಆ ಅರುವತ್ತು ನಳಿಕೆಗಳು ಒಂದು ಕೆಲಸಕ್ಕೆ ನಿರುಪಯುಕ್ತ, ಇನ್ನೊಂದಕ್ಕೆ ಉಪಯುಕ್ತ. ಎಷ್ಟು ಹೊತ್ತಿಗೆ ತೆಗೆದರು, ಯಾವ ನಳಿಕೆಯಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತಿಗೆ ಬೇರ್ಪಡಿಸಿದರು, ಯಾವಾಗ ಹೆಪ್ಪುಗಟ್ಟಿಸಿದರು, ನಡುವೆ ಎಷ್ಟು ಬಾರಿ ಕರಗಿತು ಎಂಬುದನ್ನು ನಿಜವಾಗಿ ಬರೆದಿಟ್ಟಿದ್ದರೆ ಯಾವುದಕ್ಕೆ ತಕ್ಕದ್ದು ಎಂಬುದನ್ನು ಮುಂದಿನವರು ನಿರ್ಧರಿಸಿಕೊಳ್ಳುತ್ತಾರೆ. ಈ ವಿವರಗಳನ್ನು ಚಿಕ್ಕ ಸಂಕೇತವಾಗಿ ಬರೆದು ಪ್ರತಿ ಮಾದರಿಗೂ ಅಂಟಿಸುವ ಸ್ಪ್ರೆಕ್ ಎಂಬ ಪದ್ಧತಿಯೂ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿದೆ. ಸಂಕೇತವನ್ನು ಓದಿದರೆ ನಳಿಕೆಯ ಜಾತಕ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಈ ಶಿಸ್ತನ್ನು ಬಹಳ ಮೊದಲೇ ಎದುರಿಸಬೇಕಾಗಿ ಬಂದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿ ಡಾ. ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮೆದುಳಿನ ಅಂಗಾಂಶ ಭಂಡಾರ ಆರಂಭವಾಯಿತು. ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆಗಳೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ನೆರವಾದವು. ಮೆದುಳಿನ ವಿಷಯದಲ್ಲಿ ಮಾದರಿಯನ್ನು ಮತ್ತೊಮ್ಮೆ ಕೇಳುವಂತಿಲ್ಲ. ಸಾವಿನ ಮನೆಯಲ್ಲಿ, ದುಃಖದ ನಡುವೆ, ಮನೆಯವರು ಒಪ್ಪಿಗೆ ಕೊಟ್ಟಿರುತ್ತಾರೆ. ಅಂಥ ಕೊಡುಗೆ ಕೆಟ್ಟುಹೋದರೆ ಯಾರ ಬಳಿ ಹೋಗಿ ಏನು ಹೇಳುವುದು? ಸಾವಿಗೂ ಸಂಗ್ರಹಕ್ಕೂ ನಡುವಿನ ಅವಧಿ, ಸಾಯುವ ಮುನ್ನ ಎಷ್ಟು ಹೊತ್ತು ನರಳಿದರು ಎಂಬುದು, ಫ್ರೀಜರಿನಲ್ಲಿ ಕಳೆದ ಕಾಲ, ಇವುಗಳಿಂದ ಮೆದುಳಿನ ರಾಸಾಯನಿಕಗಳು ಹೇಗೆ ಬದಲಾಗುತ್ತವೆ ಎಂಬುದನ್ನೇ ನಿಮ್ಹಾನ್ಸ್ ವಿಜ್ಞಾನಿಗಳು ಅಳೆದು ಪ್ರಬಂಧಗಳಾಗಿ ಪ್ರಕಟಿಸಿದ್ದಾರೆ. ಭಂಡಾರದವರು ತಮ್ಮ ಸಂಗ್ರಹವನ್ನು ತಾವೇ ಸಂದೇಹದಿಂದ ನೋಡುವುದು ನನಗೆ ಬಹಳ ಗೌರವದ ಕೆಲಸವಾಗಿ ಕಾಣುತ್ತದೆ.

ಬಿಸಿ, ಕುಲುಕಾಟಗಳನ್ನು ದಾಟಿ ಮಾದರಿ ಫ್ರೀಜರ್ ಸೇರಿತೆನ್ನೋಣ. ಮೈನಸ್ 80 ಡಿಗ್ರಿಯ ಫ್ರೀಜರ್, ಅಥವಾ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಇನ್ನು ಚಿಂತೆಯಿಲ್ಲವೆಂದು ತಿಳಿಯಬಾರದು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿರುವ ಹಾರ್ವರ್ಡ್‌ನ ಹೆಸರಾಂತ ಮೆದುಳು ಭಂಡಾರದಲ್ಲಿ 2012ರಲ್ಲಿ ಒಂದು ಫ್ರೀಜರ್ ಕೆಟ್ಟಿತು. ಹೊರಗಿನ ಸೂಚಕ ಎಲ್ಲ ಸರಿಯಿದೆಯೆಂದೇ ತೋರಿಸುತ್ತಿತ್ತು. ಎಚ್ಚರಿಕೆಯ ಗಂಟೆ ಎರಡಿದ್ದರೂ ಒಂದೂ ಬಾರಿಸಲಿಲ್ಲ. ಬಾಗಿಲು ತೆಗೆದಾಗ ಸುಮಾರು 150 ಮೆದುಳುಗಳು ಕರಗಿಹೋಗಿದ್ದವು. ಅವುಗಳಲ್ಲಿ ಮೂರನೆಯ ಒಂದು ಭಾಗದಷ್ಟು ಆಟಿಸಂ ಅಧ್ಯಯನಕ್ಕೆಂದು ಕುಟುಂಬಗಳು ಕೊಟ್ಟವು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 2023ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯ ಹೊತ್ತಿಗೆ, ದ್ರವ ಸಾರಜನಕದ ಪೂರೈಕೆ ನಿಂತು ದಶಕಗಳ ಮಾದರಿಗಳು ನಾಶವಾದವು. ಹಣವಿಲ್ಲದ ಊರುಗಳಲ್ಲ ಅವು. ಹಾಗಿರುವಾಗ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಯದ ನಮ್ಮ ಕಡೆ ಎಷ್ಟು ಎಚ್ಚರ ಬೇಕು! ಜನರೇಟರ್ ಇದೆಯೆಂದರೆ ಸಾಲದು, ಅದರಲ್ಲಿ ಡೀಸೆಲ್ ಇದೆಯೇ ಎಂದು ನೋಡುವವರು ಯಾರು, ಹಬ್ಬದ ರಜೆಯ ರಾತ್ರಿ ಗಂಟೆ ಬಾರಿಸಿದರೆ ಯಾರ ಫೋನಿಗೆ ಬಾರಿಸುತ್ತದೆ, ಆ ಮಹನೀಯರು ಎಷ್ಟು ದೂರದಲ್ಲಿರುತ್ತಾರೆ, ಒಬ್ಬರ ಮಾದರಿಯನ್ನೆಲ್ಲ ಒಂದೇ ಫ್ರೀಜರಿನಲ್ಲಿ ಇಟ್ಟಿದ್ದಾರೆಯೇ ಅಥವಾ ಎರಡು ಕಡೆ ಹಂಚಿದ್ದಾರೆಯೇ ಎಂಬುದೆಲ್ಲ ಗುಣಮಟ್ಟದ ಪ್ರಶ್ನೆಗಳೇ.

ಈ ಪ್ರಶ್ನೆಗಳನ್ನು ಭಂಡಾರದವರೇ ತಮಗೆ ಕೇಳಿಕೊಂಡರೆ ಒಳ್ಳೆಯದು. ಆದರೆ ತನ್ನ ಹಾಲನ್ನು ತಾನೇ ಅಳೆದುಕೊಂಡವನ ಮಾತನ್ನು ಡೈರಿ ನಂಬುವುದಿಲ್ಲ. ಹೊರಗಿನವರು ಬಂದು ನೋಡಬೇಕು. ಅದಕ್ಕೆ ಮಾನ್ಯತೆ ಎನ್ನುತ್ತಾರೆ. 2018ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಬಯೋಬ್ಯಾಂಕುಗಳಿಗೆಂದೇ ಐ.ಎಸ್.ಒ. 20387 ಎಂಬ ಮಾನಕವನ್ನು ಹೊರಡಿಸಿತು. ನಮ್ಮ ದೇಶದಲ್ಲಿ ಅದರ ಪ್ರಕಾರ ಮಾನ್ಯತೆ ಕೊಡುವ ಸಂಸ್ಥೆ ಎನ್.ಎ.ಬಿ.ಎಲ್. ರಕ್ತಪರೀಕ್ಷೆಯ ಲ್ಯಾಬುಗಳ ಬಾಗಿಲಲ್ಲಿ ಈ ನಾಲ್ಕಕ್ಷರಗಳನ್ನು ನೀವು ನೋಡಿರಬಹುದು. ಅಲ್ಲಿ ಅದು ಪರೀಕ್ಷೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಭಂಡಾರದ ಮಾನ್ಯತೆ ಬೇರೆಯದು. ಒಂದಿದ್ದರೆ ಇನ್ನೊಂದೂ ಇದೆಯೆಂದು ಅರ್ಥವಲ್ಲ.

ಪ್ರಮಾಣಪತ್ರಕ್ಕೂ ಮಾನ್ಯತೆಗೂ ನಡುವಣ ಭೇದವನ್ನೂ ಇಲ್ಲಿ ಹೇಳಬೇಕು. ನಿಮ್ಮಲ್ಲಿ ಒಂದು ಆಡಳಿತ ಕ್ರಮವಿದೆ, ಕಡತಗಳು ಕ್ರಮದಲ್ಲಿವೆ ಎಂಬುದಕ್ಕೆ ಪ್ರಮಾಣಪತ್ರ ಸಿಗುತ್ತದೆ. ಮಾನ್ಯತೆ ಹಾಗಲ್ಲ. ಈ ಕೆಲಸವನ್ನು ಮಾಡುವ ಸಾಮರ್ಥ್ಯ ಈ ಜನರಲ್ಲಿ ನಿಜವಾಗಿ ಇದೆಯೇ ಎಂಬುದನ್ನು ಅದೇ ವಿದ್ಯೆ ಬಲ್ಲವರು ಬಂದು ಕಣ್ಣಾರೆ ನೋಡುತ್ತಾರೆ. ಬಂದವರು ಭಂಡಾರದಿಂದ ಯಾವುದೋ ಒಂದು ನಳಿಕೆಯ ಸಂಖ್ಯೆ ಹೇಳಿ ಅದನ್ನು ತರಲು ಹೇಳಬಹುದು. ಎಷ್ಟು ನಿಮಿಷದಲ್ಲಿ ತಂದರು, ಕಂಪ್ಯೂಟರಿನಲ್ಲಿ ಬರೆದ ಜಾಗದಲ್ಲಿಯೇ ಇತ್ತೇ, ಅದರ ಒಪ್ಪಿಗೆ ಪತ್ರ ಎಲ್ಲಿದೆ, ಅದನ್ನು ತೆಗೆದವರು ತರಬೇತಿ ಪಡೆದ ದಾಖಲೆ ಎಲ್ಲಿದೆ, ಆ ದಿನದ ತಾಪಮಾನದ ದಾಖಲೆ ಎಲ್ಲಿದೆ, ತಾಪಮಾಪಕ ಸರಿಯಾಗಿದೆಯೆಂದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ದಾರದ ತುದಿ ಹಿಡಿದು ಹೋದಂತೆ ಹೋಗುತ್ತಾರೆ. ತಪ್ಪಾದಾಗ ಅದನ್ನು ಬರೆದಿಟ್ಟಿದ್ದೀರಾ ಎಂದೂ ಕೇಳುತ್ತಾರೆ. ತಪ್ಪುಗಳ ಪುಸ್ತಕ ಖಾಲಿಯಿದ್ದರೆ ಅನುಭವಿಗಳಿಗೆ ಸಂತೋಷವಾಗುವುದಿಲ್ಲ, ಸಂಶಯ ಬರುತ್ತದೆ. ನಾನೇ ಒಂದು ಕಡೆ ಅರುವತ್ತಕ್ಕೂ ಮೀರಿದ ಅರ್ಜಿಗಳನ್ನು ನೋಡಿದ್ದೆ. ರಕ್ತ ತೆಗೆದ ಸಮಯವೆಂಬ ಜಾಗದಲ್ಲಿ ಒಂದೇ ಕೈಬರಹ, ಒಂದೇ ಶಾಯಿ, ಎಲ್ಲದರಲ್ಲಿಯೂ ಒಂಬತ್ತು ಗಂಟೆ. ಸೂಜಿ ಒಂದೇ ಇತ್ತು ಎಂದು ಯಾರೂ ಹೇಳಲಾರರು, ಆದರೆ ಸೂಜಿ ಹಾಕುವವರು ಇಬ್ಬರೇ ಇದ್ದರು.

ಈ ಮಾನ್ಯತೆ ಕಡ್ಡಾಯವಲ್ಲ, ಸ್ವಇಚ್ಛೆಯದು. ಮಾನ್ಯತೆಯಿಂದ ಮಾತ್ರವೇ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಪರಿಶೀಲಕರು ಬರುವ ವಾರ ಕಡತಗಳಿಗೆ ಹೊಸ ರಟ್ಟು ಹಾಕುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಚೇರಿಗಳಿಗೂ ಇದೆ. ಆದರೂ ನನ್ನ ಅಭಿಪ್ರಾಯದಲ್ಲಿ ಇದರ ಶಿಸ್ತು ದೊಡ್ಡ ಭಂಡಾರಗಳಿಗಿಂತ ಚಿಕ್ಕ ಸಂಗ್ರಹಗಳಿಗೇ ಹೆಚ್ಚು ಬೇಕು. ಯಾರದೋ ಪ್ರೌಢಪ್ರಬಂಧಕ್ಕಾಗಿ ಸಂಗ್ರಹಿಸಿದ ನಳಿಕೆಗಳು ಆಸ್ಪತ್ರೆಯ ಮೂಲೆಯ ಫ್ರೀಜರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಪ್ರಬಂಧ ಬರೆದವರು ಪದವಿ ಪಡೆದು ಹೊರಟಿರುತ್ತಾರೆ. ಚೀಟಿಯ ಮೇಲಿನ ಶಾಯಿ ಅಳಿಸಿರುತ್ತದೆ. ರಕ್ತ ಕೊಟ್ಟವರು ಮಾತ್ರ ತಮ್ಮ ರಕ್ತ ಯಾವುದೋ ಒಳ್ಳೆಯ ಕೆಲಸಕ್ಕೆ ಹೋಗಿದೆಯೆಂದು ನಂಬಿಕೊಂಡಿರುತ್ತಾರೆ. ಎಲ್ಲರೂ ಮಾನ್ಯತೆಯ ಖರ್ಚನ್ನು ಹೊರಲಾರರು, ಒಪ್ಪೋಣ. ಮಾನಕವನ್ನು ಓದಿ ಅದರಂತೆ ನಡೆಯಲು ಅಡ್ಡಿಯಿಲ್ಲವಷ್ಟೆ.

ಒಪ್ಪಿಗೆಯ ಪ್ರಶ್ನೆಯೂ ಇದರೊಡನೆಯೇ ಹೆಣೆದುಕೊಂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕುಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಾದರಿ ಕೊಟ್ಟವರ ಗುರುತು ಗೋಪ್ಯವಾಗಿರಬೇಕು, ನೈತಿಕ ಸಮಿತಿಯ ಅನುಮತಿ ಬೇಕು, ಕೊಟ್ಟವರು ಮುಂದೆ ಮನಸ್ಸು ಬದಲಾಯಿಸಿದರೆ ಹಿಂದೆಗೆಯಲು ಅವಕಾಶವಿರಬೇಕು. ಈ ಕೊನೆಯದನ್ನು ಗಮನಿಸಿ. ಹೊಸಕೋಟೆಯ ತಾಯಿಯೊಬ್ಬರು ಎರಡು ವರ್ಷದ ಬಳಿಕ ಬಂದು "ನನ್ನ ರಕ್ತವನ್ನು ಇನ್ನು ಇಟ್ಟುಕೊಳ್ಳಬೇಡಿ" ಎಂದರೆ, ಆ ನಳಿಕೆ ಯಾವ ಫ್ರೀಜರಿನ ಯಾವ ಅರೆಯಲ್ಲಿದೆ, ಅದರಿಂದ ಎಷ್ಟು ತುಂಡು ಮಾಡಿ ಯಾರಿಗೆ ಕಳುಹಿಸಿದ್ದೇವೆ ಎಂದು ಹೇಳಲಾಗದ ಭಂಡಾರ ಆಕೆಯ ಹಕ್ಕನ್ನು ಹೇಗೆ ನಡೆಸಿಕೊಟ್ಟೀತು? ಬಾರ್‌ಕೋಡ್ ಅಂಟಿಸುವುದು ಗುಮಾಸ್ತನ ಕೆಲಸವೆಂದು ಕಾಣಬಹುದು. ಆಕೆಗೆ ಕೊಟ್ಟ ಮಾತು ಉಳಿಯುವುದು ಆ ಬಾರ್‌ಕೋಡಿನಿಂದಲೇ.

ನಮ್ಮ ನೆರೆಯಲ್ಲಿಯೇ ಈಗ ದೊಡ್ಡ ಕೆಲಸಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ 10,000 ಜನರನ್ನು ಬಹುಕಾಲ ಗಮನಿಸುವ ಗುರಿಯ ಅಧ್ಯಯನವನ್ನು ಆರಂಭಿಸಿತು. ವಯಸ್ಸಾದಂತೆ ಕೆಲವರಿಗೆ ಮರೆವಿನ ಕಾಯಿಲೆ ಏಕೆ ಬರುತ್ತದೆ, ಕೆಲವರಿಗೆ ಏಕೆ ಬರುವುದಿಲ್ಲ ಎಂಬುದು ಅಲ್ಲಿನ ಪ್ರಶ್ನೆ. ಅಲ್ಲಿಂದ ಬೆಂಗಳೂರಿಗೆ ಬರುವ ರಸ್ತೆ ನಮ್ಮ ಹೊಸಕೋಟೆಯನ್ನು ಹಾದುಬರುತ್ತದೆ. ಬೆಳಗಿನ ಹೊತ್ತು ಆ ರಸ್ತೆಯ ವಾಹನಗಳ ದಟ್ಟಣೆಯನ್ನು ಬಲ್ಲವರಿಗೆ ರಕ್ತದ ನಳಿಕೆಯ ಗಡಿಯಾರ ಎಷ್ಟು ಬೇಗ ಓಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೇಂದ್ರದಲ್ಲಿ, ದೇಶದ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 20,000 ರಕ್ತ ಮಾದರಿಗಳೂ ಇವೆ. ಅವುಗಳಲ್ಲಿ 10,000 ಜನರ ವಂಶವಾಹಿಯ ವಿವರ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲ್ಪಟ್ಟಿತು. ಬಹುಕಾಲ ನಮ್ಮ ವೈದ್ಯರು ಐರೋಪ್ಯರ ಮಾದರಿಗಳಿಂದ ಬಂದ ಅಂಕಿಗಳನ್ನು ಹಿಡಿದೇ ನಮ್ಮ ಜನರನ್ನು ಅಳೆಯಬೇಕಾಗಿತ್ತು. ಈಗ ನಮ್ಮದೇ ಅಳತೆಗೋಲು ಸಿದ್ಧವಾಗುತ್ತಿದೆ. ಆ ಕೋಲು ಸೊಟ್ಟಗಿದ್ದರೆ ಅದರಿಂದ ಅಳೆದವರೆಲ್ಲರ ಅಳತೆಯೂ ಸೊಟ್ಟವಾಗುತ್ತದೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ನಿಮ್ಮ ಊರಿಗೆ ಸಂಶೋಧನೆಗೆಂದು ರಕ್ತ ಕೇಳಿ ಯಾರಾದರೂ ಬಂದರೆ, ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಡುವುದಾದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ. ಓದಲು ಬಾರದಿದ್ದರೆ ನಿಮಗೆ ನಂಬಿಕೆಯಿರುವವರಿಂದ ಓದಿಸಿಕೊಳ್ಳಿ. ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಈ ನಳಿಕೆ ಎಲ್ಲಿಗೆ ಹೋಗುತ್ತದೆ, ಎಷ್ಟು ಗಂಟೆಗೆ ತಲುಪುತ್ತದೆ, ಎಷ್ಟು ವರ್ಷ ಇಡುತ್ತೀರಿ, ನಾನು ಬೇಡವೆಂದರೆ ಯಾರಿಗೆ ಹೇಳಬೇಕು, ನಿಮ್ಮ ಭಂಡಾರವನ್ನು ಹೊರಗಿನವರು ಬಂದು ಪರಿಶೀಲಿಸಿದ್ದಾರೆಯೇ ಎಂದು ಕೇಳಿ. ಸಂಕೋಚ ಬೇಡ. ಡೈರಿಯಲ್ಲಿ ಹಾಲನ್ನು ಕಲಕದೆ ಮಾದರಿ ತೆಗೆದರೆ ಸುಮ್ಮನಿರುತ್ತೀರಾ? ಒಳ್ಳೆಯ ತಂಡದವರಿಗೆ ಈ ಪ್ರಶ್ನೆಗಳು ಬೇಸರ ತರುವುದಿಲ್ಲ, ಉತ್ತರ ಅವರ ಚೀಲದಲ್ಲಿಯೇ ಇರುತ್ತದೆ. ರಕ್ತ ತೆಗೆದಾದ ಮೇಲೆ ಅವರು ಗಡಿಯಾರ ನೋಡಿ ಸಮಯ ಬರೆದುಕೊಂಡರೇ ಎಂಬುದನ್ನೂ ಹಾಗೆಯೇ ಗಮನಿಸಿ. ಮರೆತಿದ್ದರೆ ನೀವೇ ನೆನಪಿಸಿ. ಊಟಕ್ಕೆ ಎಬ್ಬಿಸುವುದನ್ನು ನಳಿಕೆಗಳು ಹೊರಟ ಮೇಲೆ ಇಟ್ಟುಕೊಳ್ಳಿ.